ಎರಡು ಡಬ್ಬಿ ಪುಡಿ, ಒಂದು ಪಂಕ್ತಿ

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರ ನಿನ್ನೆಯಲ್ಲಿ ಓಡಾಡಿಕೊಂಡಿದ್ದೆ. ನಿನ್ನೆ ಬೆಳಗ್ಗೆ ಎದ್ದು ಮೊದಲು ಬಾಯಿಗೆ ಏನು ಹಾಕಿಕೊಂಡಿರಿ, ಆಮೇಲೆ ಏನು, ಎಷ್ಟು, ಎರಡನೇ ಸಲ ಬಡಿಸಿಕೊಂಡಿರಾ, ಇಷ್ಟನ್ನು ಕೇಳಿ ಬರೆದುಕೊಂಡು ಬರುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಹೋಮ್ ಸೈನ್ಸ್ ಓದಿ, ತೊಂಬತ್ತರ ದಶಕದ ಆರಂಭದಲ್ಲಿ ಜಯನಗರದ ಒಂದು ಉಬ್ಬಸದ ಕ್ಲಿನಿಕ್ಕಿಗೆ ಆಹಾರ ಸಮೀಕ್ಷಕಿಯಾಗಿ ಸೇರಿದವಳು ಅಲ್ಲೇ ನಿವೃತ್ತಳಾದೆ. ಈಗ ಸುಬ್ರಹ್ಮಣ್ಯಪುರದ ಮನೆಯಲ್ಲಿ ಮಧ್ಯಾಹ್ನ ಸ್ವಲ್ಪ ಒರಗಿಕೊಂಡರೆ ನನ್ನ ಸ್ವಂತ ನಿನ್ನೆ ನೆನಪಿಗೆ ಬರುವುದಿಲ್ಲ. ಯಾರದೋ ಮನೆಯ ಬೀನ್ಸ್ ಪಲ್ಯ, ಯಾರೋ ತಟ್ಟೆಯ ಅಂಚಿಗೆ ತೆಗೆದಿಟ್ಟ ಕರಿಬೇವು, ಯಾವುದೋ ಮಗು ಅರ್ಧ ತಿಂದು ಬಿಟ್ಟ ದೋಸೆ, ಇವೇ ಒಂದರ ಹಿಂದೊಂದು ತೇಲಿ ಬರುತ್ತವೆ.

ಮೊನ್ನೆ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ನಾನು ಏನೇನೋ ತೊದಲಿ, ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ಹೇಳಬೇಕಾಗಿದ್ದದ್ದೆಲ್ಲ ನೆನಪಾಯಿತು. ನನ್ನ ಸ್ವಭಾವವೇ ಹಾಗೆ, ಎಲ್ಲವೂ ತಡವಾಗಿ ಹೊಳೆಯುತ್ತದೆ.

ಆಗ ನಮ್ಮ ಬಳಿ ಈಗಿನ ಹಾಗೆ ಟ್ಯಾಬ್ಲೆಟ್ಟು, ಫೋಟೋ ಏನೂ ಇರಲಿಲ್ಲ. ಒಂದು ಚೀಲ. ಅದರಲ್ಲಿ ಅಳತೆಯ ಸ್ಟೀಲ್ ಬಟ್ಟಲುಗಳು, ಸೌಟುಗಳು, ಚಮಚಗಳು, ಚಪಾತಿ ರೊಟ್ಟಿಗಳ ಅಗಲ ತೋರಿಸಲು ರಟ್ಟಿನ ಚಕ್ರಗಳು. ನಡೆದರೆ ಚೀಲ ಸದ್ದು ಮಾಡುತ್ತಿತ್ತು. ಬನಶಂಕರಿಯ ಒಂದು ಬೀದಿಯಲ್ಲಿ ಹೆಂಗಸೊಬ್ಬರು ಕಿಟಕಿಯಿಂದಲೇ, "ಹಳೇ ಸೀರೆಗೆ ಪಾತ್ರೆ ಕೊಡ್ತೀರೇನಮ್ಮಾ?" ಎಂದು ಕೂಗಿದ್ದರು. ನಾನು ಹೋಗುತ್ತಿದ್ದದ್ದು ಮಧ್ಯಾಹ್ನ ಎರಡರ ಮೇಲೆ, ಅಡುಗೆಮನೆ ಒರೆಸಿ ಆದ ಮೇಲೆ. ಆ ಹೊತ್ತಿನಲ್ಲಿ ಮನೆಗಳೇ ಅರೆನಿದ್ದೆಯಲ್ಲಿರುತ್ತವೆ. ಪರದೆಯ ಹಿಂದಿನ ಹಳದಿ ಬೆಳಕು, ಸಣ್ಣಗೆ ಹಾಡುವ ರೇಡಿಯೊ, ಹೊರಗೆ ರಸ್ತೆಯ ಮೇಲೆ ಉದುರುವ ಆಕಾಶಮಲ್ಲಿಗೆ. ಆ ಮಂಪರಿನಲ್ಲಿ ಕೇಳಿದರೆ ಜನ ಮೆಲ್ಲಗೆ ನಿನ್ನೆಯೊಳಕ್ಕೆ ಇಳಿಯುತ್ತಿದ್ದರು. ಕೇಳುತ್ತಾ ಕೇಳುತ್ತಾ ನನಗೂ ಕಣ್ಣು ಎಳೆಯುತ್ತಿತ್ತು.

ತೊಂಬತ್ತರ ದಶಕವೆಲ್ಲ "ಬೇಡ" ಅನ್ನುವ ಕಾಲ. ನಮ್ಮ ಕ್ಲಿನಿಕ್ಕಿನ ಹಿರಿಯರನ್ನು ನಾವು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ರೋಗಿಯ ತೋಳಿಗೆ ಸಣ್ಣಗೆ ಚುಚ್ಚಿ, ಯಾವ ಧೂಳಿಗೆ, ಯಾವ ಪರಾಗಕ್ಕೆ ಕೆಂಪಗೆ ಊದುತ್ತದೆ ಎಂದು ನೋಡುವುದು ಅವರ ಕ್ರಮ. ಅದರ ಜೊತೆಗೆ ಪಥ್ಯ. ಬಾಳೆಹಣ್ಣು ಬೇಡ, ಸೀಬೆಹಣ್ಣು ಬೇಡ, ಕಿತ್ತಳೆ ಬೇಡ, ಸೌತೆಕಾಯಿ ಶೀತ, ಕಾಳು ವಾಯು. ಅರ್ಧ ಅವರು ಹೇಳಿದ್ದು, ಇನ್ನರ್ಧ ಅಜ್ಜಿಯರು ಸೇರಿಸಿದ್ದು. ಕೊನೆಗೆ ಮಕ್ಕಳ ತಟ್ಟೆಯಲ್ಲಿ ಉಳಿಯುತ್ತಿದ್ದದ್ದು ಬಿಳಿ ಅನ್ನ, ಬ್ರೆಡ್ಡು, ರಸ್ಕು. ಆಗ ಇದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಆದರೂ ದೊಡ್ಡ ಡಾಕ್ಟರು ನನಗೆ ಹೇಳಿಕೊಟ್ಟ ಒಂದು ಮಾತು ಈಗಲೂ ಕೆಲಸಕ್ಕೆ ಬರುತ್ತದೆ. "ವಿಶಾಲಾಕ್ಷಿ, ಪೇಶೆಂಟ್ ಸುಳ್ಳು ಹೇಳಲ್ಲಮ್ಮ. ನಿನ್ನೆ ಏನು ಆಗ್ಬೇಕಿತ್ತೋ ಅದನ್ನ ಹೇಳ್ತಾರೆ ಅಷ್ಟೆ."

ನಾವೆಲ್ಲ ಸೇರಿ ಮಾಡಿದ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಹೀರೇಕಾಯಿ ತಿಂದೆವು ಎಂದರೆ "ಸಿಪ್ಪೆ ತೆಗೆದದ್ದು" ಎಂದು ಬರೆದುಕೊಂಡು, ನಾರಿನಂಶ ಕಡಿಮೆ ಎಂದು ಲೆಕ್ಕ ಹಾಕುತ್ತಿದ್ದೆವು. ಜಯನಗರದ ಅಜ್ಜಿಯೊಬ್ಬರು ಒಂದು ದಿನ, "ಸಿಪ್ಪೆ ಎಲ್ಲಿ ಹೋಯ್ತು ಅಂತ ಕೇಳೋದೇ ಇಲ್ವಲ್ಲೇ ನೀನು?" ಎಂದು ಗದರಿದರು. ಸಿಪ್ಪೆ ಚಟ್ನಿಯಾಗಿತ್ತು. ನಾವು ಚಟ್ನಿ ಎಂದೊಡನೆ ತೆಂಗಿನಕಾಯಿ ಎಂದು ಬರೆದು ಮುಂದೆ ಹೋಗುತ್ತಿದ್ದೆವು. ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಅದೇ ಚಟ್ನಿ ಮಾಡುತ್ತಿದ್ದ ನಾನು ಮನೆಗೆ ಬಂದು ಒಬ್ಬಳೇ ನಕ್ಕೆ.

ಬಿಟಿಎಂ ಲೇಔಟಿನ ಒಂದು ಬಾಡಿಗೆ ಕೋಣೆಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬನಿದ್ದ. ಕೊರಿಯರ್ ಆಫೀಸಿನಲ್ಲಿ ಕೆಲಸ. ಇಲ್ಲಿಗೆ ಬಂದ ಮೇಲೆ ಎದೆ ಸಿಳ್ಳೆ ಹಾಕಲು ಶುರುವಾಗಿತ್ತು. ನಿನ್ನೆ ಏನು ತಿಂದೆ ಎಂದರೆ, "ಬನ್ನು, ಚಾ, ಮಧ್ಯಾಹ್ನ ಅನ್ನ, ಮತ್ತ ಬನ್ನು ರೀ" ಅಂದ. ರೊಟ್ಟಿ ಕಾಳು ತಿನ್ನುವುದಿಲ್ಲವೇ ಎಂದೆ. "ಊರಿಂದ ಬುತ್ತಿ ಬಂದ್ರ ಉಂಟು ಮೇಡಂ. ಇಲ್ಲಾಂದ್ರ ಇದ ನಮ್ಮ ಹಬ್ಬ" ಎಂದು ಬನ್ನಿನ ಪೊಟ್ಟಣ ಎತ್ತಿ ತೋರಿಸಿದ. ಅವನ ಉಬ್ಬಸಕ್ಕೆ ನಗರದ ಧೂಳು ಕಾರಣವೋ, ಬನ್ನು ಕಾರಣವೋ, ಒಂಟಿತನವೋ ನನಗೆ ತಿಳಿಯಲಿಲ್ಲ. ನಾನು ಬನ್ನುಗಳನ್ನು ಬರೆದುಕೊಂಡು ಬಂದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ದೊಡ್ಡ ಡಾಕ್ಟರು ವಿಶ್ರಾಂತಿಗೆ ಹೋದರು. ಅವರ ಜಾಗಕ್ಕೆ ಡಾಕ್ಟರ್ ಮುರಳಿ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿಗೆ ನಿಂತರೆ ಕಾಫಿ ಆರಿದ್ದೂ ಗೊತ್ತಾಗದವರು. ಬಂದ ವಾರವೇ ನನ್ನನ್ನು ಕರೆದು, "ಮೇಡಂ, ಇಷ್ಟು ವರ್ಷ ಏನು ತಿಂದು ಉಬ್ಬಸ ಬಂತು ಅಂತ ಹುಡುಕಿದ್ವಿ. ಇನ್ಮೇಲೆ ಏನು ತಿನ್ನದೆ ಬಂತು ಅಂತ ಹುಡುಕೋಣ" ಅಂದರು.

ಅವರ ವಾದ ಇಷ್ಟು. ನಾರು ನಮ್ಮ ಹೊಟ್ಟೆಗೆ ಅರಗುವುದಿಲ್ಲ. ಅರಗದ್ದು ಕೆಳಗಿಳಿದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಎಲ್ಲ ನಾರೂ ಅಲ್ಲ, ಕೆಲವು ಬಗೆಯದು ಮಾತ್ರ. ಅದನ್ನು ಅವು ಹುದುಗಿಸಿದಾಗ ಸಣ್ಣ ಸಣ್ಣ ಆಮ್ಲಗಳು ಹುಟ್ಟಿ ರಕ್ತಕ್ಕೆ ಸೇರುತ್ತವೆ. ಅಲರ್ಜಿ ಇರುವವರ ಮೈ ಒಂದು ಚಿಟಿಕೆ ಧೂಳು ಕಂಡರೂ ಶತ್ರು ಬಂತು ಎಂದು ಶ್ವಾಸನಾಳವನ್ನು ಊದಿಸಿಬಿಡುತ್ತದಲ್ಲ, ಆ ಗಾಬರಿಯನ್ನು ಈ ಆಮ್ಲಗಳು ತಣಿಸಬಹುದು. "ಇಲಿಗಳಲ್ಲಿ ಹಾಗೆ ಕಾಣ್ತಾ ಇದೆ. ಮನುಷ್ಯರಲ್ಲಿ ಗೊತ್ತಿಲ್ಲ" ಎಂದು ಅವರೇ ಎರಡು ಸಲ ಹೇಳಿದರು. ನನಗೆ ಅರ್ಥವಾದದ್ದು ದೋಸೆ ಹಿಟ್ಟಿನ ಲೆಕ್ಕದಲ್ಲಿ. ಅಂದು ಬಸ್ಸಿನಲ್ಲಿ ಕೂತು, ಇಲ್ಲಿರುವ ಪ್ರತಿಯೊಬ್ಬರೊಳಗೂ ರುಬ್ಬಿಟ್ಟ ಹಿಟ್ಟಿನ ಹಾಗೆ ಏನೋ ಸದ್ದಿಲ್ಲದೆ ಹುದುಗುತ್ತಿದೆ, ನಾವು ಉಂಡು ಉಳಿದದ್ದನ್ನು ಯಾರೋ ಕತ್ತಲಲ್ಲಿ ಕೂತು ಉಣ್ಣುತ್ತಿದ್ದಾರೆ ಎಂದುಕೊಳ್ಳುತ್ತಾ ನನ್ನ ಸ್ಟಾಪು ಬಿಟ್ಟು ಎಷ್ಟೋ ದೂರ ಹೋಗಿಬಿಟ್ಟಿದ್ದೆ.

ಡಾಕ್ಟರ್ ಮುರಳಿ ಒಂದು ಸಣ್ಣ ಪರೀಕ್ಷೆ ಹೂಡಿದರು. ಅರ್ಧ ಜನಕ್ಕೆ ಚಿಕೋರಿ ಬೇರಿನಿಂದ ತೆಗೆದ ನಾರಿನ ಪುಡಿ, ಇನ್ನರ್ಧ ಜನಕ್ಕೆ ಹೊಟ್ಟೆಗೆ ಹೋದೊಡನೆ ಅರಗಿಬಿಡುವ ಬರೀ ಪುಡಿ. ಎರಡೂ ಬಿಳಿ, ಎರಡೂ ಸ್ವಲ್ಪ ಸಿಹಿ. ಡಬ್ಬಿಯ ಮೇಲೆ ನಂಬರು ಮಾತ್ರ. ಯಾರಿಗೆ ಯಾವುದು ಹೋಗಿದೆ ಎಂಬುದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರೂ ಪಂಪು ನಿಲ್ಲಿಸಕೂಡದು, ಪುಡಿ ಪಂಪಿನ ಜೊತೆಗೇ ಹೊರತು ಬದಲಿಗಲ್ಲ ಎಂದು ಡಾಕ್ಟರು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಪಂಪು ಅಂದರೆ ಬಾಯಿಗಿಟ್ಟು ಎಳೆದುಕೊಳ್ಳುವ ಇನ್ಹೇಲರ್.

ಇಟ್ಟಮಡುವಿನ ಕಮಲಮ್ಮನ ಮನೆ ನನ್ನ ಪಾಲಿಗೆ ಬಂತು. ಕಮಲಮ್ಮ, ಮಗ ಪ್ರಕಾಶ, ಸೊಸೆ ರೇಖಾ, ಮದುವೆಯಾಗಬೇಕಿದ್ದ ಮಗಳು ಸುಧಾ. ಮಗಳಿಗೂ ಉಬ್ಬಸ, ಸೊಸೆಗೂ ಉಬ್ಬಸ. ಸುಧಾಳದ್ದು ಹೂ ಬಿಡುವ ಕಾಲದಲ್ಲಿ ಬಂದು ಹೋಗುವಂಥದ್ದು. ರೇಖಾಳದ್ದು ಹಾಗಲ್ಲ, ಅವಳು ಮದುವೆಯಾಗಿ ಬಂದಾಗಿನಿಂದ ಗೋಡೆಗೆ ಮೂರು ದಿಂಬು ಒಟ್ಟಿ, ಅದಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೊದಲ ಭೇಟಿಯಲ್ಲಿ ಗೇಟಿನವರೆಗೆ ಬಂದು, "ಪೂರ್ತಿ ವಾಸಿ ಆಗೋದು ಬೇಡ ಮೇಡಂ, ಕಾಲು ಚಾಚಿ ನೆಟ್ಟಗೆ ಮಲಗೋ ಹಾಗಾದ್ರೆ ಸಾಕು" ಅಂದಳು. ಇಪ್ಪತ್ತೇಳು ವರ್ಷದವಳು ಕೇಳುವ ವರವೇ ಅದು? ಮನೆಗೆ ಬರುವಷ್ಟರಲ್ಲಿ ನನ್ನ ಬೆನ್ನೂ ನೋಯುತ್ತಿದ್ದಂತಿತ್ತು.

ಇಬ್ಬರ ಕೈಗೂ ಬೇರೆ ಬೇರೆ ನಂಬರಿನ ಡಬ್ಬಿ ಕೊಟ್ಟೆವು. ನಾನು ಹೋದಾಗಲೆಲ್ಲ ರೇಖಾ ನಿನ್ನೆಯ ಊಟವನ್ನು ಪಟಪಟನೆ ಒಪ್ಪಿಸುತ್ತಿದ್ದಳು. ಹುಳಿ, ಸಾರು, ಪಲ್ಯ, ಉಸಲಿ, ಮಜ್ಜಿಗೆ. ಅಡುಗೆ ಮಾಡುವವಳು ಅವಳೇ ತಾನೇ, ಮರೆಯುವುದಾದರೂ ಹೇಗೆ? ಸುಧಾಳೂ ಅದನ್ನೇ ಹೇಳುತ್ತಿದ್ದಳು. ಕಮಲಮ್ಮ ನಗುತ್ತಾ ನನಗೊಂದು ಲೋಟ ಮಜ್ಜಿಗೆ ಕೊಡುತ್ತಿದ್ದರು. ಮಜ್ಜಿಗೆ ಸ್ವಲ್ಪ ಸಿಹಿಯಾಗಿರುತ್ತಿತ್ತು, ಹುಳಿಯಾಗದ ಒಳ್ಳೆಯ ಮೊಸರು ಎಂದುಕೊಂಡು ಕುಡಿದೆ.

ಎರಡನೇ ತಿಂಗಳಲ್ಲಿ ಕ್ಲಿನಿಕ್ಕಿಗೆ ಕಮಲಮ್ಮನ ಫೋನು ಬಂತು. ಇನ್ನೂ ಬಹಳ ದಿನ ಬರಬೇಕಾಗಿದ್ದ ಪುಡಿ ಮುಗಿದಿತ್ತು. "ಇನ್ನೊಂಚೂರು ಕೊಡ್ತೀರಾ ಮೇಡಂ? ಎಲ್ಲರಿಗೂ ಒಗ್ಗಿದೆ" ಅಂದರು. ಆ "ಎಲ್ಲರಿಗೂ" ನನ್ನ ಕಿವಿಯಲ್ಲಿ ಸಿಕ್ಕಿಕೊಂಡಿತು. ಅಂದೇ ಹೋದೆ.

"ಎರಡು ಡಬ್ಬಿ ಎಲ್ಲಿ ಕಮಲಮ್ಮ?"

"ತೊಳೆದಿಟ್ಟಿದ್ದೀನಿ, ತಗೊಂಡ್ಹೋಗಿ. ಪುಡೀನ ಅವತ್ತೇ ದೊಡ್ಡ ಡಬ್ಬಕ್ಕೆ ಸುರ್ಕೊಂಡೆ."

"ಎರಡನ್ನೂ?"

"ಎರಡನ್ನೂ ಸೇರಿಸಿ, ಚೆನ್ನಾಗಿ ಕಲೆಸಿ."

ನಾನು ಚೀಲ ಕೆಳಗಿಟ್ಟು ಕೂತೆ. ಕಮಲಮ್ಮ ಸಮಾಧಾನವಾಗಿಯೇ ಹೇಳಿದರು. "ನೋಡಿ ಮೇಡಂ, ಒಂದರಲ್ಲಿ ನಾರು ಇರುತ್ತೆ, ಒಂದರಲ್ಲಿ ಬರೀ ಪುಡಿ ಇರಬಹುದು ಅಂತ ನಿಮ್ಮ ಡಾಕ್ಟ್ರೇ ಅಂದ್ರಲ್ಲ. ಮಗಳಿಗೊಂದು, ಸೊಸೆಗೊಂದು ಹೇಗೆ ಹಾಕಲಿ? ಒಂದೇ ಮನೇಲಿ ಒಬ್ರಿಗೊಂದು ಥರ ಬಡಿಸೋದು ಪಂಕ್ತಿಭೇದ ಅಲ್ವಾ? ಆ ಪಾಪ ನನಗೆ ಬೇಡಪ್ಪ. ಅದಕ್ಕೇ ಮಜ್ಜಿಗೆ ಪಾತ್ರೆಗೇ ಕಲೆಸಿಬಿಡ್ತಿದ್ದೆ. ಎಲ್ಲರಿಗೂ."

"ಎಲ್ಲರಿಗೂ ಅಂದ್ರೆ?"

"ಪ್ರಕಾಶಂಗೆ, ನನಗೆ. ನೀವು ಬಂದಾಗ ನಿಮಗೂ."

ಪರೀಕ್ಷೆ ಮಾಡಲು ಹೋದವಳೂ ಪರೀಕ್ಷೆಗೆ ಒಳಗಾಗಿದ್ದಳು. ಈಗ ನಗು ಬರುತ್ತದೆ. ಅಂದು ನನಗೆ ಕೋಪ ನೆತ್ತಿಗೇರಿತ್ತು, ಆ ಬಿಸಿಲಲ್ಲಿ ಅಷ್ಟು ಸಲ ಓಡಾಡಿದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು. "ಹಾಗಾದ್ರೆ ನಿಮ್ಮನೇಲಿ ಎಲ್ಲರ ತಟ್ಟೇಲೂ ಒಂದೇ ಊಟ ಇರುತ್ತಾ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

"ಅದರಲ್ಲೇನು ಅನುಮಾನ?" ಕಮಲಮ್ಮನ ಮುಖ ಕೆಂಪಾಯಿತು. "ಬೇಕಿದ್ರೆ ಅವಳನ್ನೇ ಕೇಳಿ."

ರೇಖಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಬಟ್ಟಲುಗಳನ್ನೆಲ್ಲ ನೆಲದ ಮೇಲೆ ಜೋಡಿಸಿದೆ. "ಬನ್ನಿ ರೇಖಾ. ನಿನ್ನೆ ಮಧ್ಯಾಹ್ನ ಏನು ಮಾಡಿದ್ರಿ ಅಂತ ಬೇಡ. ನಿಮ್ಮ ತಟ್ಟೇಲಿ ಏನಿತ್ತು, ಅಷ್ಟು ತೋರಿಸಿ."

ಅವಳು ಕೂತಳು. ಅನ್ನದ ದೊಡ್ಡ ಬಟ್ಟಲನ್ನು ಮುಂದಕ್ಕೆ ಸರಿಸಿದಳು. ಸಾರಿನ ಸೌಟು. ಮಜ್ಜಿಗೆಯ ಲೋಟ. ಪಲ್ಯದ ಬಟ್ಟಲನ್ನು ಕೈಯಲ್ಲಿ ಹಿಡಿದು ಅತ್ತೆಯ ಮುಖ ನೋಡಿದಳು, ಆಮೇಲೆ ಅದನ್ನು ಬೋರಲು ಹಾಕಿದಳು. ಉಸಲಿಯ ಬಟ್ಟಲನ್ನೂ ಬೋರಲು ಹಾಕಿದಳು.

"ಗೋರಿಕಾಯಿ ಅಷ್ಟೊಂದು ಹಚ್ಚಿದ್ಯಲ್ಲೇ?" ಎಂದರು ಕಮಲಮ್ಮ.

"ಮುಗ್ದೋಗಿತ್ತು ಅತ್ತೆ."

"ಹೆಸರುಕಾಳು?"

"ಅದೂ."

"ಮೊನ್ನೆ?"

ರೇಖಾ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಅವಳ ಸರದಿ ಬರುವಷ್ಟರಲ್ಲಿ ಪಾತ್ರೆಯಲ್ಲಿ ಸಾರು ಅನ್ನ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ನಾರಿರುವುದೆಲ್ಲ, ಸೊಪ್ಪು, ಕಾಳು, ಕೋಸಂಬರಿ, ಮೊದಲ ಸಾಲಿನಲ್ಲೇ ಖಾಲಿಯಾಗುತ್ತಿತ್ತು. "ನಾನೇ ಎರಡು ಸಲ ಹಾಕ್ಕೊಂಡೆ ಅತ್ತಿಗೆ, ನೋಡ್ಲೇ ಇಲ್ಲ" ಅಂದಳು ಸುಧಾ. ಅವಳ ದನಿ ಅಳುವಿಗೆ ಹತ್ತಿರವಾಗಿತ್ತು.

"ಹೇಳ್ಬಾರ್ದಾ ನೀನು?" ಎಂದರು ಕಮಲಮ್ಮ.

"ಏನಂತ ಹೇಳ್ಲಿ ಅತ್ತೆ? ನೀವೂ ಹೀಗೇ ಊಟ ಮಾಡಿರ್ತೀರಲ್ಲ."

ಕಮಲಮ್ಮ ಬೋರಲು ಬಿದ್ದ ಬಟ್ಟಲುಗಳನ್ನೇ ನೋಡುತ್ತಾ ಕೂತರು. ತಮ್ಮ ಅತ್ತೆಯ ಮನೆಯ ಎಷ್ಟು ವರ್ಷದ ಮಧ್ಯಾಹ್ನಗಳು ಅವರ ಕಣ್ಣ ಮುಂದೆ ಹಾದವೋ ನಾನು ಕೇಳಲಿಲ್ಲ. ನನ್ನ ಕೋಪ ಎಲ್ಲೋ ಇಳಿದುಹೋಗಿತ್ತು, ಬರೀ ಸಂಕಟ ಉಳಿದಿತ್ತು. ಅವರು ಪಲ್ಯದ ಬಟ್ಟಲನ್ನು ನೆಟ್ಟಗೆ ತಿರುಗಿಸಿಟ್ಟು, "ನಾಳೆಯಿಂದ ಪಾತ್ರೆಗಳನ್ನ ಹಾಲ್‌ಗೆ ತಂದಿಡು. ಎಲ್ಲರೂ ಒಟ್ಟಿಗೆ ಕೂರೋಣ. ಯಾರಿಗೆ ಬೇಕೋ ಅವರೇ ಹಾಕ್ಕೊಳ್ಲಿ" ಅಂದರು. ನನ್ನ ಕಡೆ ತಿರುಗಿ, "ನಾನು ಬೇಕು ಅಂತ ಮಾಡಿಲ್ಲ ಮೇಡಂ" ಅಂದರು. ಅದು ನನಗೆ ಗೊತ್ತಿತ್ತು.

ವಿಷಯ ಕೇಳಿ ಡಾಕ್ಟರ್ ಮುರಳಿ ಹಣೆ ಚಚ್ಚಿಕೊಂಡರು. "ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡಬೇಕು ಮೇಡಂ, ಬೇರೆ ದಾರಿ ಇಲ್ಲ" ಎಂದವರು ನನ್ನ ಕಡೆ ನೋಡಿ, "ನಿಮ್ಮ ಹೊಟ್ಟೆ ಹೇಗಿದೆ?" ಎಂದು ನಕ್ಕರು. ಆಮೇಲೆ ಗಂಭೀರವಾಗಿ ಇನ್ನೊಂದು ಹೇಳಿದರು. ಉಳಿದ ಮನೆಗಳಲ್ಲೂ ಇನ್ನು ಮುಂದೆ ತಟ್ಟೆಯನ್ನೇ ಕೇಳಬೇಕು, ಕೊನೆಗೆ ಉಣ್ಣುವವರು ಯಾರು ಎಂಬುದನ್ನೂ ಬರೆದುಕೊಳ್ಳಬೇಕು. ನಮ್ಮ ಕೆಲಸದ ಕ್ರಮ ಬದಲಾದದ್ದು ಹಾಗೆ.

ಕೈಬಿಟ್ಟ ಸುದ್ದಿಯನ್ನು ಹೇಳಲು ನಾನೇ ಹೋಗಬೇಕಾಯಿತು. ರೇಖಾ ಮತ್ತೆ ಗೇಟಿನವರೆಗೆ ಬಂದಳು. ಮೂರು ದಿಂಬು ಎರಡಾಗಿತ್ತಂತೆ. "ಪುಡಿ ನಿಂತ್ರೆ ಮತ್ತೆ ಗೋಡೆಗೆ ಒರಗೋದೇನಾ ಮೇಡಂ?"

"ಪಂಪು ಬಿಡಬೇಡಿ, ಡಾಕ್ಟ್ರು ನೋಡ್ಕೊಳ್ತಾರೆ. ಪುಡೀಲಿ ಇರೋ ಥರದ್ದು ಕಾಳಲ್ಲಿದೆ, ಈರುಳ್ಳೀಲಿದೆ, ಸೊಪ್ಪಲ್ಲಿದೆ. ಅದನ್ನ ತಿನ್ನಿ."

"ಅದ್ರಿಂದ ಸರಿಹೋಗುತ್ತೆ ಅಂತ ಗ್ಯಾರಂಟಿನಾ?"

"ಇಲ್ಲಮ್ಮ. ಯಾರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಾನ್ಯಾಕೆ ಈ ಚೀಲ ಹೊತ್ಕೊಂಡು ತಿರುಗ್ತಿದ್ದೆ?"

ಅವಳು ನಗಲಿಲ್ಲ. ಅವಳ ಭಯ ನನಗೆ ಅರ್ಥವಾಗುತ್ತಿತ್ತು, ಆದರೆ ಇಲ್ಲದ ಭರವಸೆಯನ್ನು ಎಲ್ಲಿಂದ ತರಲಿ? ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದೇ ಕಷ್ಟದ ಘಳಿಗೆ. ನಮಗೆ ಗೊತ್ತಿರುವುದು ಸ್ವಲ್ಪ, ಕೇಳುವವರ ಕಣ್ಣಿನಲ್ಲಿರುವ ಆಸೆ ಬಹಳ.

ಪರೀಕ್ಷೆ ಮುಗಿದ ಮೇಲೆ ಡಬ್ಬಿಗಳ ಗುಟ್ಟು ಬಿಚ್ಚಿದರು. ಒಟ್ಟು ಫಲ ಅಷ್ಟೇನೂ ಸ್ಪಷ್ಟವಾಗಿರಲಿಲ್ಲ, ಜನ ಕಡಿಮೆ, ಗೊಂದಲ ಹೆಚ್ಚು. ಇಲಿಗಳ ವಿಷಯದಲ್ಲಿ ಆಮೇಲೆ ಬೇರೆ ಬೇರೆ ಕಡೆಯವರು ಇನ್ನಷ್ಟು ಗಟ್ಟಿಯಾಗಿ ಹೇಳಿದ್ದನ್ನು ಓದಿದ್ದೇನೆ. ಮನುಷ್ಯರ ವಿಷಯದಲ್ಲಿ ಇಂದಿಗೂ ಚರ್ಚೆ ನಡೆಯುತ್ತಲೇ ಇದೆ. ಇಟ್ಟಮಡುವಿನ ಎರಡು ಡಬ್ಬಿಗಳಲ್ಲಿ ನಾರಿದ್ದದ್ದು ಸುಧಾಳದ್ದು. ರೇಖಾಳ ಡಬ್ಬಿಯಲ್ಲಿದ್ದದ್ದು ಬರೀ ಪುಡಿ. ಬೇಕಿದ್ದರೆ ಹೇಳಬಹುದು ಎಂದರು ಡಾಕ್ಟರು. ಆ ಮನೆಗೆ ಹೋಗಿ ಹೇಳಿದೆ.

ಕಮಲಮ್ಮ, "ಚಿಕೋರೀನಾ? ಕಾಫಿಪುಡೀಗೆ ಕಲಬೆರಕೆ ಮಾಡ್ತಾರಲ್ಲ, ಅದಾ?" ಎಂದು ಮೂಗು ಮುರಿದರು. ಸುಧಾ, "ನನ್ನ ಪಾಲೆಲ್ಲ ನೀವು ತಿಂದ್ಬಿಟ್ರಿ ಅತ್ತಿಗೆ" ಎಂದು ಛೇಡಿಸಿದಳು. ರೇಖಾ ಮಾತ್ರ ಅತ್ತೆಯನ್ನೇ ನೋಡುತ್ತಿದ್ದಳು. ನಮ್ಮ ಮಾತು ಕೇಳಿ ನಡೆದಿದ್ದರೆ ಕಮಲಮ್ಮ ಸೊಸೆಗೆ ಏನೂ ಕೊಡದಂತಾಗುತ್ತಿತ್ತು. ಕಲೆಸಿ ಹಂಚಿದ್ದರಿಂದ ಅವಳಿಗೆ ಸಿಕ್ಕಿದ್ದೂ ಬಹಳ ಕಡಿಮೆ, ಅಷ್ಟರಿಂದ ಏನೂ ಆಗಿರಲಾರದು ಎಂದು ಡಾಕ್ಟರು ಹೇಳಿದ್ದರು. ಅದನ್ನೂ ನಾನು ಮುಚ್ಚಿಡಲಿಲ್ಲ.

"ಹಾಗಾದ್ರೆ ಯಾವುದರಿಂದ ಮೇಡಂ?" ಎಂದಳು ರೇಖಾ. ಆಗಲೇ ನನಗೆ ತಿಳಿದದ್ದು. ಗೋಡೆಗೆ ಒಟ್ಟಿದ್ದ ದಿಂಬುಗಳು ಅಲ್ಲಿರಲಿಲ್ಲ. ಕೆಲವು ವಾರಗಳಿಂದ ಅವಳು ಒಂದೇ ದಿಂಬಿಟ್ಟು ಕಾಲು ಚಾಚಿ ಮಲಗುತ್ತಿದ್ದಳಂತೆ. ಸರಿಯಾಗಿ ಎಳೆದುಕೊಂಡ ಪಂಪೋ, ಎಲ್ಲರೊಟ್ಟಿಗೆ ಕೂತು ಉಂಡ ಪಲ್ಯವೋ, ಧೂಳಿನ ಬಿಸಿಲುಗಾಲ ಕಳೆದದ್ದೋ ಹೇಗೆ ಹೇಳಲಿ? ಗೊತ್ತಿಲ್ಲ ಎಂದೆ. ನನಗಾದ ಸಂತೋಷಕ್ಕೆ ಕಾರಣ ಬೇಕಿರಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ. ಕಮಲಮ್ಮ ಮಜ್ಜಿಗೆ ತಂದರು, ಈ ಸಲ ಹುಳಿಯಾಗಿತ್ತು.

ಅವರು ಪರೀಕ್ಷೆಯಲ್ಲಿ ಇರಲಿಲ್ಲವಾದ್ದರಿಂದ ನಾನು ಏನನ್ನೂ ಕೇಳಬೇಕಾಗಿರಲಿಲ್ಲ. ಆದರೂ ಅಭ್ಯಾಸ ಬಿಡದು. ಬಟ್ಟಲುಗಳನ್ನು ತೆಗೆದು, "ನಿನ್ನೆ?" ಎಂದೆ. ರೇಖಾ ತನ್ನ ತಟ್ಟೆಯನ್ನು ಒಂದೊಂದಾಗಿ ತೋರಿಸಿದಳು. ಹುರುಳಿಕಾಳಿನ ಹುಳಿ, ದಂಟಿನಸೊಪ್ಪಿನ ಪಲ್ಯ, ಎರಡನೇ ಸಲವೂ ಹಾಕಿಕೊಂಡದ್ದು. ಎಲ್ಲ ಮುಗಿದ ಮೇಲೆ ಸ್ವಲ್ಪ ನಾಚಿಕೊಂಡು ಕೇಳಿದಳು.

"ಕನಸಲ್ಲಿ ತಿಂದಿದ್ದನ್ನೂ ಹೇಳ್ಬೇಕಾ ಮೇಡಂ?"

"ಕನಸು ಬಿತ್ತಾ?"

"ಹ್ಞೂಂ. ಅಮ್ಮನ ಮನೆ ಜಗಲಿ. ಬೇಯಿಸಿದ ಕಡಲೆಕಾಯಿ. ಮಡಿಲ ತುಂಬ ಹಾಕ್ಕೊಂಡು ಒಬ್ಳೇ ಕೂತು ತಿಂತಾ ಇದ್ದೆ. ಯಾರೂ ಒಳಗೆ ಕರೀಲಿಲ್ಲ."

"ಎಷ್ಟು ತಿಂದ್ರಿ?" ಎಂದೆ ನಾನು.

ಅವಳು ನನ್ನ ಬಟ್ಟಲುಗಳ ಕಡೆ ನೋಡಿದಳು. ಯಾವುದನ್ನೂ ಮುಟ್ಟದೆ, ಎರಡೂ ಕೈ ಸೇರಿಸಿ ನನ್ನೆದುರು ಹಿಡಿದಳು. ಬೊಗಸೆ ತುಂಬ ಎಂದು ಬರೆದುಕೊಂಡೆ.